ಮಾವನಿಗೆ ಬಡಿಸಿದ ಎಲೆ

ಬಚ್ಚಲ ಜಾಲರಿಯಲ್ಲಿ ಸಿಕ್ಕಿಕೊಂಡ ಅಪರಿಚಿತರ ಕೂದಲನ್ನು ಎರಡು ಬೆರಳಲ್ಲಿ ಎಳೆದು ತೆಗೆದವರಿಗೆ ಮನುಷ್ಯರ ಬಗ್ಗೆ ಬೇರೆ ಪಾಠ ಬೇಕಾಗಿಲ್ಲ. ಎಳೆದಷ್ಟೂ ಬರುತ್ತದೆ. ಕೊನೆಗೆ ಸತ್ತ ಇಲಿಯಷ್ಟು ದೊಡ್ಡ ಮುದ್ದೆ ಅಂಗೈಗೆ ಬೀಳುತ್ತದೆ, ಅದಕ್ಕೆ ಶಾಂಪೂವಿನ ಪರಿಮಳ ಬೇರೆ. ಏಳು ವರ್ಷದಿಂದ ನನ್ನ ಕಸುಬು ಇದು, ದಿನಬಾಡಿಗೆಗೆ ಮನೆ ಕೊಡುವುದು. ಕೋಪರಖೈರಣೆಯಲ್ಲಿ ಒಂದು, ಠಾಣೆಯಲ್ಲಿ ಎರಡು, ಕಲ್ಯಾಣದಲ್ಲಿ ಒಂದು. ನಾವಿರುವುದು ಡೊಂಬಿವಲಿಯಲ್ಲಿ.

ಹೋದ ವರ್ಷ ಇಲ್ಲಿರುವ ನಮ್ಮ ಕರಾವಳಿಯವರ ಸಂಘದ ಮಹಿಳಾ ವಿಭಾಗದವರು ಠಾಣೆಯ ಹಾಲ್‌ಗೆ ಕರೆಸಿ ಶಾಲು ಹೊದೆಸಿದರು. ಯಶಸ್ಸಿನ ಗುಟ್ಟು ಹೇಳಿ ಎಂದರು. ನಾನು ಮೈಕಿನ ಮುಂದೆ ನಿಂತು "ಶುಚಿತ್ವ ಮತ್ತು ನಗುಮುಖ" ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಸುಳ್ಳು. ಗುಟ್ಟು ಏನೆಂದರೆ ಹೇಸಿಗೆಯಾದಾಗ ಅದನ್ನು ನುಂಗಿಕೊಂಡು, ಫೋನಿನಲ್ಲಿ "ಥ್ಯಾಂಕ್ಯೂ, ಮತ್ತೆ ಬನ್ನಿ" ಎಂದು ಬರೆಯುವುದು.

ಚಹಾದ ಕೆಟಲಿನಲ್ಲಿ ಮೊಟ್ಟೆ ಬೇಯಿಸುತ್ತಾರೆ, ಸಿಪ್ಪೆ ಅಲ್ಲೇ ಬಿಡುತ್ತಾರೆ. ಮಗುವಿನ ಹೇಲಿನ ಡಯಾಪರನ್ನು ಸುತ್ತಿ ಸೋಫಾದ ಹಿಂದೆ ತುರುಕುತ್ತಾರೆ, ಕಸದ ಬುಟ್ಟಿ ನಾಲ್ಕು ಹೆಜ್ಜೆ ದೂರದಲ್ಲಿ ಬಾಯಿ ತೆರೆದುಕೊಂಡು ಕೂತಿರುತ್ತದೆ. ಉಲ್ಹಾಸನಗರದ ಮದುವೆಗೆ ಬಂದ ಒಂದು ದಿಬ್ಬಣ ನನ್ನ ಪರದೆಗಳಿಗೆ ಕೈಯ ಮೆಹಂದಿ ಒರೆಸಿ ಹೋಯಿತು. ಹೋಗುವಾಗ ಎಲ್ಲರೂ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ, ಕಪ್ಪು ಕನ್ನಡಕದಲ್ಲಿ. ಮೇಲೆ ಥಳಕು, ಒಳಗೆ ಹುಳುಕು. ಅವರಿಗೆಲ್ಲ ನಾನು ಬುಕಿಂಗ್ ಆ್ಯಪಿನಲ್ಲಿ ಐದು ನಕ್ಷತ್ರ ಕೊಟ್ಟಿದ್ದೇನೆ, ಅವರೂ ನನಗೆ ಕೊಡಲಿ ಎಂದು.

ಕೋಪರಖೈರಣೆಯ ಮನೆ ನನ್ನದಲ್ಲ. ಅದು ಮಾವ, ನನ್ನ ಗಂಡನ ಅಪ್ಪ, ತೆಗೆದದ್ದು. ಉಡುಪಿಯ ಕಡೆಯಿಂದ ಹುಡುಗನಾಗಿ ಬಂದು, ವಾಶಿಯ ಒಂದು ಹೋಟೆಲಿನ ಗಲ್ಲಾದಲ್ಲಿ ಕೂತು ಕೂತು ಸೊಂಟ ಸೋತು, ಒಂದು ಹಾಲ್, ಒಂದು ಬೆಡ್‌ರೂಮ್, ಒಂದು ಅಡುಗೆಮನೆ ಮಾಡಿಕೊಂಡಿದ್ದರು. ಹಾಲಿನ ಕಿಟಕಿಯ ಪಕ್ಕ ಅವರ ಮಂಚ. ಅಲ್ಲೇ ತೀರಿಕೊಂಡರು. ವರ್ಷ ತುಂಬಿದ ಮೇಲೆ ಅತ್ತೆಯನ್ನು ಡೊಂಬಿವಲಿಗೆ ಕರೆತಂದು, ಮಂಚ ತೆಗೆಸಿ, ಅಲ್ಲಿ ಬೂದು ಬಣ್ಣದ ಸೋಫಾ ಹಾಕಿಸಿ, ಬಾಗಿಲಿಗೆ ನಂಬರ್ ಒತ್ತುವ ಬೀಗ ಹಾಕಿಸಿದೆ. ಅತ್ತೆ ಬೇಡ ಎನ್ನಲಿಲ್ಲ. ಒಂದೇ ಒಂದು ಮಾತು ಕೇಳಿಕೊಂಡರು.

"ಆಟಿಯಲ್ಲಿ ಒಂದು ದಿನ ನಂಗೆ ಆ ಮನೆ ಬೇಕು ಮಾರಾಯ್ತಿ. ಅವರಿಗೆ ಅಲ್ಲೇ ಬಡಿಸ್ಬೇಕು. ಈ ಡೊಂಬಿವಲಿ ಅವರಿಗೆ ಗೊತ್ತಿಲ್ಲ, ಎಲ್ಲಿಗೇಂತ ಬರ್ತಾರೆ?"

ಆಟಿ ಎಂಬ ತುಳುವರ ಮಳೆಗಾಲದ ತಿಂಗಳಲ್ಲಿ ನಮ್ಮಲ್ಲಿ ಸತ್ತವರಿಗೆ ಬಡಿಸುತ್ತೇವೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಬಾಳೆಲೆಯಲ್ಲಿ ಇಟ್ಟು, ದೀಪ ಹಚ್ಚಿ, ಬನ್ನಿ, ಉಣ್ಣಿ ಎಂದು ಹೇಳಿ ಬಾಗಿಲು ಹಾಕಿಕೊಂಡು ಒಳಗೆ ಕೂರುವುದು. ಅವರು ಉಂಡು ಹೋಗುವಷ್ಟು ಹೊತ್ತು ಯಾರೂ ಇಣುಕಬಾರದು. ಅಡುಗೆಯ ರುಚಿ ಕೂಡ ನೋಡುವಂತಿಲ್ಲ, ಮೊದಲ ತುತ್ತು ಅವರದು. ಊರಲ್ಲಿ ಇದೆಲ್ಲ ಕತ್ತಲಾದ ಮೇಲೆ. ನಾನು ಮಾವನಿಗೆ ಗೊತ್ತುಮಾಡಿದ ಹೊತ್ತು ಹಗಲು ಹನ್ನೊಂದರಿಂದ ಎರಡರ ಒಳಗೆ. ಹನ್ನೊಂದಕ್ಕೆ ಹಳೆಯ ಗಿರಾಕಿ ಹೊರಡುತ್ತಾರೆ, ಎರಡಕ್ಕೆ ಹೊಸಬರು ಬರುತ್ತಾರೆ. ಇಡೀ ದಿನ ಖಾಲಿ ಬಿಡಲು ನನಗೆ ಮನಸ್ಸಾಗಲಿಲ್ಲ. ಅತ್ತೆ ಅದಕ್ಕೂ ಒಪ್ಪಿದರು.

ಮೊದಲನೇ ಸಲ ಬಡಿಸಿದಾಗ ಎಲೆ ನೋಡಿ ನನಗೇ ಆಸೆಯಾಯಿತು. ಕುಚ್ಚಲಕ್ಕಿ ಅನ್ನ, ಊರ ಕೋಳಿಯ ಸಾರು, ಕಡುಬು, ಒಣಮೀನಿನ ಚಟ್ನಿ, ಪಕ್ಕದಲ್ಲಿ ಸಣ್ಣ ದೀಪ. ಬಾಗಿಲು ಹಾಕುವ ಮೊದಲು ಫೋನ್ ತೆಗೆದು ಒಂದು ಫೋಟೊ ಹೊಡೆದೆ. ಅತ್ತೆ ನೋಡಲಿಲ್ಲ. ಆ ವಾರವೇ ಅದನ್ನು ಮನೆಯ ಜಾಹೀರಾತಿಗೆ ಸೇರಿಸಿದೆ, ಕೆಳಗೆ "ಕರಾವಳಿಯ ಆತಿಥ್ಯ" ಎಂದು ಇಂಗ್ಲಿಷಿನಲ್ಲಿ ಬರೆದೆ. ಬುಕಿಂಗ್ ಜಾಸ್ತಿಯಾಯಿತು. ಇದನ್ನು ಬರೆಯುವಾಗ ನನ್ನ ಕೈಯೇ ನನಗೆ ಅಸಹ್ಯ. ಕೂದಲ ಮುದ್ದೆ ಎಷ್ಟೋ ವಾಸಿ, ಅದನ್ನು ತೊಳೆದುಕೊಳ್ಳಬಹುದು.

ಈ ವರ್ಷದ ಆಟಿಯಲ್ಲಿ ಅತ್ತೆ ಮುಂಜಾನೆಯೇ ಎದ್ದು ಡೊಂಬಿವಲಿಯಲ್ಲೇ ಅಡುಗೆ ಮಾಡಿದರು. ಪಾತ್ರೆಗಳನ್ನು ಚೀಲದಲ್ಲಿ ಕಟ್ಟಿಕೊಂಡು ಠಾಣೆಗೆ ಬಂದೆವು, ಅಲ್ಲಿ ಗಾಡಿ ಬದಲಿಸಿದೆವು. ಕೋಳಿಸಾರಿನ ಪಾತ್ರೆಯನ್ನು ಅವರು ತೊಡೆಯ ಮೇಲಿಂದ ಇಳಿಸಲೇ ಇಲ್ಲ. ಪಕ್ಕದವಳು ಮೂಗು ಮುಚ್ಚಿಕೊಂಡಳು. ಅತ್ತೆ ಅವಳನ್ನು ನೋಡಿ ನಕ್ಕರು, "ನಮ್ಮವರಿಗೆ" ಎಂದು ಕನ್ನಡದಲ್ಲೇ ಹೇಳಿದರು. ಇಷ್ಟು ಖುಷಿಯಾಗಿ ಅವರನ್ನು ನಾನು ವರ್ಷದಿಂದ ಕಂಡಿರಲಿಲ್ಲ.

ನಾವು ತಲುಪುವಾಗ ಮನೆ ಗುಡಿಸಿ ಒರೆಸುವ ಮಾವಶಿ ಕೆಲಸ ಮುಗಿಸಿ ಹೊರಟಿದ್ದಳು. ಹಾಸಿಗೆಗೆ ಹೊಸ ಚಾದರ, ಫಿನೈಲಿನ ವಾಸನೆ. ಅತ್ತೆ ಸೋಫಾವನ್ನು ತಾವೇ ಪಕ್ಕಕ್ಕೆ ಜರುಗಿಸಿ, ಮಂಚ ಇದ್ದ ಜಾಗವನ್ನು ಇನ್ನೊಮ್ಮೆ ಒರೆಸಿ, ಎರಡು ಎಲೆ ಹಾಕಿದರು. ಒಂದು ಮಾವನಿಗೆ, ಇನ್ನೊಂದು ಅವರ ಜೊತೆ ಬರುವ ಹಿರಿಯರಿಗೆ. ಮಾವ ರಾತ್ರಿ ಊಟಕ್ಕೆ ಮೊದಲು ಒಂದೇ ಒಂದು ಪೆಗ್ ಬ್ರಾಂಡಿ ಕುಡಿಯುತ್ತಿದ್ದರು. ಅದನ್ನೂ ಅವರದೇ ಹಳೆಯ ಸಣ್ಣ ಗ್ಲಾಸಿನಲ್ಲಿ ಹಾಕಿ ಇಟ್ಟರು. ಕೈ ಮುಗಿದು, "ಬನ್ನಿ, ನಿಧಾನ ಉಣ್ಣಿ, ಅವಸರ ಇಲ್ಲ" ಎಂದರು. ನಾವಿಬ್ಬರೂ ಬೆಡ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆವು. ಆಗ ಹನ್ನೆರಡು ದಾಟಿತ್ತು.

ಅತ್ತೆ ಹೊಸ ಚಾದರದ ಅಂಚಿನಲ್ಲಿ, ಮಡಿಕೆ ಬೀಳದ ಹಾಗೆ ಕೂತರು. ನನ್ನ ಗಿರಾಕಿಗಳ ಹಾಸಿಗೆಯಲ್ಲವೇ. ಐದು ನಿಮಿಷ ಕಳೆದಿರಬೇಕು. ಹಾಲಿನಲ್ಲಿ ಸದ್ದಾಯಿತು. ನೆಲದ ಮೇಲೆ ಹೆಜ್ಜೆ. ಆಮೇಲೆ ಗ್ಲಾಸು ಇಟ್ಟ ಸದ್ದು. ಆಮೇಲೆ ಮೂಳೆ ಕಡಿದ ಸದ್ದು, ಸ್ಪಷ್ಟವಾಗಿ.

ಅತ್ತೆ ನನ್ನ ಮಣಿಕಟ್ಟು ಹಿಡಿದರು. ಕಣ್ಣು ತುಂಬಿತ್ತು. "ಆರ್ ಬತ್ತೆರ್" ಎಂದು ತುಳುವಿನಲ್ಲಿ ಪಿಸುಗುಟ್ಟಿದರು. ಅವರು ಬಂದರು.

ಹೆಜ್ಜೆಯ ಸದ್ದಿಗೆ ಮೊದಲು ನನಗೆ ಇನ್ನೊಂದು ಸದ್ದು ಕೇಳಿತ್ತು. ಬೀಗದ ನಂಬರ್ ಒತ್ತಿದಾಗ ಬರುವ ಪೀಪ್ ಸದ್ದು. ನನಗೆ ತಕ್ಷಣ ಎಲ್ಲ ಅರ್ಥವಾಯಿತು. ಮನೆ ಸ್ವಚ್ಛವಾದ ಕೂಡಲೇ ಫೋನಿನಲ್ಲಿ "ತಯಾರ್" ಒತ್ತಬೇಕು ಎಂದು ಮಾವಶಿಗೆ ನಾನೇ ಕಲಿಸಿದ್ದೆ. ಒತ್ತಿದರೆ ಬರುವ ಗಿರಾಕಿಗೆ ಬೀಗದ ನಂಬರು ತಾನೇ ಹೋಗುತ್ತದೆ, ಬೇಕಾದರೆ ಬೇಗ ಬನ್ನಿ ಎಂಬ ಸಂದೇಶದ ಜೊತೆ. ಈ ಏರ್ಪಾಡಿನ ಬಗ್ಗೆ ನಾನು ಶಾಲು ಹೊದ್ದುಕೊಂಡು ಭಾಷಣವನ್ನೂ ಮಾಡಿದ್ದೆ. ಇವತ್ತು ಒತ್ತಬೇಡ ಎಂದು ಅವಳಿಗೆ ಹೇಳಲು ಮರೆತಿದ್ದೆ.

ಎದ್ದು ಬಾಗಿಲು ತೆಗೆಯಲು ಹೋದೆ. ಅತ್ತೆ ಕೈ ಬಿಡಲಿಲ್ಲ. "ಬೇಡ, ಅವರು ಉಣ್ಲಿ. ನೋಡ್ಬಾರ್ದು" ಎಂದರು. ಅವರ ಮುಖ ನೋಡಿ ನಾನು ಮತ್ತೆ ಕೂತೆ. ಎಷ್ಟು ಹೊತ್ತು ಕೂತೆನೋ. ಹೊರಗೆ ಯಾರೋ ಸಾರನ್ನು ಸೊರ್ ಎಂದು ಎಳೆದು ಉಣ್ಣುತ್ತಿದ್ದರು. ಆಮೇಲೆ ಒಂದು ದೊಡ್ಡ ತೇಗು. ಅದರ ಹಿಂದೆಯೇ ನಗು, ಮತ್ತೆ ಹಿಂದಿಯಲ್ಲಿ ಒಂದು ಗಂಡಸಿನ ದನಿ: "ಯಾರ್, ಫೋಟೊಗಿಂತ ಮಸ್ತ್ ಇದೆ!"

ಅತ್ತೆಯ ಕೈ ತಾನೇ ಸಡಿಲವಾಯಿತು.

ಬಾಗಿಲು ತೆರೆದೆ. ನಡುವಯಸ್ಸಿನ ಇಬ್ಬರು ಗಂಡಸರು, ಕುತ್ತಿಗೆಯಲ್ಲಿ ಯಾವುದೋ ಪ್ರದರ್ಶನದ ಬಿಲ್ಲೆ, ಮೊಣಕೈವರೆಗೆ ಸಾರು. ಒಬ್ಬ ಮಾವನ ಎಲೆಯ ಮುಂದೆ ಸಾಕ್ಸಿನಲ್ಲೇ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಗ್ಲಾಸು ಖಾಲಿ. ಕಡಿದ ಮೂಳೆಗಳನ್ನು ದೀಪದ ಬುಡದಲ್ಲಿ ರಾಶಿ ಹಾಕಿದ್ದ. ನನ್ನನ್ನು ಕಂಡು ಗಾಬರಿಯಾಗಿ, "ಸಾರಿ ಆಂಟಿ, ಇದು ನಮಗೇ ಅಲ್ಲವಾ? ಫೋಟೊದಲ್ಲಿ ಹೀಗೇ ಇತ್ತು" ಎಂದ.

ನನ್ನ ಬಾಯಿಯಿಂದ ಆಗ ಬರಬೇಕಾದ ಮಾತು ಎಷ್ಟೋ ಇದ್ದವು. ಏಳಿ ಎನ್ನಬಹುದಿತ್ತು, ಇದು ಸತ್ತವರದು ಎನ್ನಬಹುದಿತ್ತು. ಹಾಗೆ ಹೇಳಿದರೆ ಹೆದರಿ ಮನೆಯ ಬಗ್ಗೆ ಆ್ಯಪಿನಲ್ಲಿ ಏನು ಬರೆದಾರೋ ಎಂದು ಒಂದು ಕ್ಷಣ ಯೋಚಿಸಿದೆ. ಆ ಒಂದು ಕ್ಷಣ ಸಾಕಾಯಿತು. ನಾನು ನಕ್ಕೆ.

"ಹಾಂ ಸರ್, ಆಪ್ಕೇ ಲಿಯೇ ಹೈ. ಕಾಂಪ್ಲಿಮೆಂಟರಿ" ಎಂದೆ.

ಅತ್ತೆ ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಅವರಿಗೆ ಇಂಗ್ಲಿಷ್ ಬಾರದು, ಆದರೆ ಹೋಟೆಲಿನವನ ಹೆಂಡತಿ. ಗಿರಾಕಿಗೆ ಪುಕ್ಕಟೆ ಕೊಡುವುದಕ್ಕೆ ಹೇಳುವ ಆ ಶಬ್ದ ಅವರಿಗೆ ಗೊತ್ತು. ಮುಂದೆ ಬಂದು ದೀಪವನ್ನು ಕೈಬೀಸಿ ಆರಿಸಿದರು. ಖಾಲಿ ಗ್ಲಾಸನ್ನು ಎತ್ತಿ ಸೆರಗಿನಿಂದ ಒರೆಸಿ ಚೀಲಕ್ಕೆ ಹಾಕಿಕೊಂಡರು. ಎಂಜಲೆಲೆಗಳನ್ನು ನಾನು ತೆಗೆದೆ. ಕೈ ತೊಳೆಯಲು ಹೋದವನು ಅಡುಗೆಮನೆಯ ಸಿಂಕಿನಲ್ಲಿ ಬಾಯಿ ಮುಕ್ಕಳಿಸಿ ಉಗಿದ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದ್ದು ನಾನು, ಉಂಡದ್ದು ಅತ್ತೆ.

ವಾಪಸು ಬರುವಾಗ ಠಾಣೆಯ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತೆವು. ಎರಡು ಗಾಡಿ ತುಂಬಿ ಹೋದವು. ನಾನು ತಪ್ಪಾಯಿತು ಅತ್ತೆ ಎಂದೆ. ಅವರು ಚೀಲದೊಳಗೆ ಕೈ ಹಾಕಿ ಗ್ಲಾಸನ್ನು ಮುಟ್ಟಿ ನೋಡಿಕೊಂಡರು. ಫೋನು ಗುಂಯ್ ಎಂದಿತು. ಆ ಇಬ್ಬರು ಇನ್ನೂ ಅಲ್ಲೇ ಇದ್ದರು, ಸಂದೇಶ ಕಳಿಸಿದ್ದರು: ಊಟ ಬಹಳ ಚೆನ್ನಾಗಿತ್ತು, ಉಪ್ಪು ಮಾತ್ರ ಸ್ವಲ್ಪ ಕಡಿಮೆ, ರಾತ್ರಿಗೂ ಸಿಗುತ್ತದೆಯೇ?

"ಯಾರದ್ದು?" ಎಂದರು ಅತ್ತೆ.

"ಕೆಲಸದ್ದು" ಎಂದೆ.

ಅವರು ಚೀಲದ ಬಾಯಿ ಬಿಗಿದು ನನ್ನ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಹೇಗಾದರೂ ತಡೆದುಕೊಳ್ಳುತ್ತಿದ್ದೆ.

"ಬರುವ ಆಟಿಗೆ ಆ ಮನೆ ನಂಗೆ ಬಿಟ್ಟುಕೊಡುದು ಬೇಡ ಮಗಾ. ಮಾವನ ಹೆಸರಲ್ಲಿ ಬುಕ್ ಮಾಡು, ಎಲ್ಲರ ಹಾಗೆ. ಬುಕ್ ಮಾಡಿದವರನ್ನು ನೀನು ಅರ್ಧ ಊಟದಲ್ಲಿ ಏಳಿಸುದಿಲ್ಲ, ಅಲ್ವಾ?"