ಚಪ್ಪಟೆಯಾದ ಬೆಟ್ಟ

ಮೈದಾ ಅಂಟಿನ ಹುಳಿ ವಾಸನೆ ಬಂದರೆ ನನ್ನ ಕೈ ತಕ್ಕಡಿ ಬಿಟ್ಟು ಕಾಗದಕ್ಕೆ ಹೋಗುತ್ತದೆ. ಶಹಾಪುರದ ನನ್ನ ರದ್ದಿ ಅಂಗಡಿಗೆ ಯಾರೇ ದಪ್ಪ ಹಾಳೆಗಳ ಕಟ್ಟು ತರಲಿ, ತೂಗುವ ಮೊದಲು ಕಣ್ಣು ಮುಚ್ಚಿ ಒಂದೊಂದು ಹಾಳೆಯನ್ನೂ ಸವರುತ್ತೇನೆ. ದರ ಇಳಿಸುವ ಹೊಸ ಆಟ ಎಂದುಕೊಳ್ಳುತ್ತಾರೆ ಗಿರಾಕಿಗಳು. ಅಂದುಕೊಳ್ಳಲಿ. ಚೌಕಾಸಿಯಲ್ಲಿ ನನ್ನನ್ನು ಗೆದ್ದವರು ಕಡಿಮೆ. ಈ ಸವರುವುದರಲ್ಲಿ ಮಾತ್ರ ವ್ಯಾಪಾರವಿಲ್ಲ.

ರಸ್ತೆ ಅಗಲವಾದಾಗ ಡಾಂಬರಿನ ಕೆಳಗೆ ಹೋದ ನಮ್ಮ ಮನೆಯ ಪಡಸಾಲೆಯೇ ನನ್ನ ಚಿಕ್ಕಂದಿನಲ್ಲಿ ಅಪ್ಪನ ರದ್ದಿ ಅಂಗಡಿ. ಒಳಗೆ ಅವ್ವ ಹಳೆಯ ಸೀರೆಗಳ ಕೌದಿ ಹೊಲಿಯುತ್ತಿದ್ದಳು. ನಡುವಿನ ಹೊಸ್ತಿಲ ಮೇಲೆ ನನ್ನ ತಂಗಿ ನೀಲಾ. ಐದು ವರ್ಷದವಳು, ಹುಟ್ಟಿದಾಗಿನಿಂದ ಕಣ್ಣು ಕಾಣದು. ಬಂದವರ ಚಪ್ಪಲಿ ಸಪ್ಪಳ ಕೇಳಿಯೇ ರದ್ದಿ ತಂದಿದ್ದಾರೋ ಬರೀ ಹರಟೆಗೆ ಬಂದಿದ್ದಾರೋ ಎಂದು ಅಪ್ಪನಿಗೆ ಕೂಗಿ ಹೇಳುತ್ತಿದ್ದಳು. ಗುರುವಾರ ಗುರುವಾರ ಯಾದಗಿರಿಯಿಂದ ಬಸ್ಸಿಗೆ ಬರುತ್ತಿದ್ದ ಟೀಚರಮ್ಮ ಒಬ್ಬರು ಅವಳಿಗೆ ಬ್ರೈಲ್ ಕಲಿಸುತ್ತಿದ್ದರು. ಅವರೇ ಕೈಯಾರೆ ಮಾಡಿ, ಮೈದಾ ಅಂಟಿನಿಂದ ರಟ್ಟು ಹಚ್ಚಿದ ಚಿತ್ರದ ಪುಸ್ತಕವೊಂದನ್ನು ಒಂದು ಸಲ ನಮ್ಮಲ್ಲಿ ಬಿಟ್ಟುಹೋದರು. ಕಥೆಯ ಪುಸ್ತಕವಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುವಂಥದ್ದು: ಕೋಳಿ ಹೇಗೆ ಮರಿ ಮಾಡುತ್ತದೆ, ಬಾವಿಗೆ ನೀರು ಎಲ್ಲಿಂದ ಬರುತ್ತದೆ, ಬೆಟ್ಟ ಅಂದರೇನು. ಅಕ್ಷರವೆಲ್ಲ ಉಬ್ಬಿದ ಚುಕ್ಕಿ. ಚಿತ್ರವೂ ಹಿಂದಿನಿಂದ ಒತ್ತಿ ಎಬ್ಬಿಸಿದ ಗೆರೆ. ಬೆಟ್ಟದ ಹಾಳೆಯಲ್ಲಿ ನಮ್ಮೂರಿನ ಬೆಟ್ಟವೇ ಇತ್ತು, ಮನುಷ್ಯ ಅಂಗಾತ ಮಲಗಿದಂತೆ. ಊರೆಲ್ಲ ದಿನಾ ನೋಡುವುದನ್ನು ನೀಲಾ ಅಂದು ಮೊದಲ ಸಲ ಮುಟ್ಟಿದಳು. ಹಣೆ, ಮೂಗು, ಎದೆ ಎಂದು ಬೆರಳಿನಿಂದ ದಾಟಿ, "ಇಷ್ಟ ದಿನ ಇಂವ ಇಲ್ಲೇ ಮಲ್ಕೊಂಡಾನಂತ ನನಗ್ಯಾಕ ಹೇಳಿಲ್ಲಣ್ಣಾ?" ಎಂದು ಜಗಳ ತೆಗೆದಳು.

ಅದು ಮಳೆಗಾಲ. ತಂಪು ಹಿಡಿದು ಹಾಳೆಯ ಅಂಚುಗಳು ಸುರುಳಿಯಾದವು. ಮುದುಡಿದ ಕಾಗದಕ್ಕೆ ನಮ್ಮ ಮನೆಯಲ್ಲಿ ಒಂದೇ ಮದ್ದು: ಎರಡು ಹಲಗೆಗಳ ನಡುವೆ ಇಟ್ಟು ಮೇಲೆ ಬೀಸುಕಲ್ಲು ಹೇರುವುದು. ನೆಟ್ಟಗಿರುವ ಕಾಗದಕ್ಕೇ ಬೆಲೆ ಎಂದು ಒಂಬತ್ತು ವರ್ಷದ ನನಗೆ ಗೊತ್ತಿತ್ತು, ಬೇರೇನೂ ಗೊತ್ತಿರಲಿಲ್ಲ. ಯಾರಿಗೂ ಹೇಳದೆ ಪುಸ್ತಕವನ್ನು ಮೂರು ದಿನ ಕಲ್ಲಿನ ಕೆಳಗಿಟ್ಟೆ. ಹೊಸದರಂತೆ ಸಪಾಟಾಗಿ ಬಂತು. ಹೆಮ್ಮೆಯಿಂದ ಅವಳ ತೊಡೆಯ ಮೇಲಿಟ್ಟೆ. ಬೆರಳು ಎಡದಿಂದ ಬಲಕ್ಕೆ ಹೋಯಿತು, ಮತ್ತೊಮ್ಮೆ ಹೋಯಿತು, ಹಾಳೆ ತಿರುವಿತು.

"ಅಣ್ಣಾ, ಬೆಟ್ಟ ಎಲ್ಲಿ ಹೋತು?"

ಅವ್ವನ ಕೌದಿ ಸೂಜಿ ತಂದು ಹಾಳೆಯ ಹಿಂದಿನಿಂದ ಚುಚ್ಚಿ ಎಬ್ಬಿಸಲು ನೋಡಿದೆ. ತೂತು ಬಿದ್ದವು, ಚುಕ್ಕಿ ಏಳಲಿಲ್ಲ. ಅಳುತ್ತಲೇ ಚುಚ್ಚಿದೆ. ನನ್ನ ಬಿಕ್ಕು ಕೇಳಿದ ನೀಲಾ ಪುಸ್ತಕ ಎಳೆದುಕೊಂಡು, "ಬಂತು ಬಿಡು, ಈಗ ತಿಳಿಯಾಕತ್ತದ," ಎಂದು ಕೋಳಿಯ ಪಾಠವನ್ನು ಗಡಗಡ ಓದಿದಳು. ಅವಳ ಬೆರಳಿದ್ದದ್ದು ಬಾವಿಯ ಹಾಳೆಯ ಮೇಲೆ. ಗುರುವಾರ ಟೀಚರಮ್ಮ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಹಾಳೆ ಸವರಿ, "ಇದೊಂದ ಇತ್ತಪ್ಪ. ನೀಲಾಂದು ಓದೂದಾದ ಮ್ಯಾಲ ಹತ್ತಿಕುಣಿ ಊರಾಗ ಕಣ್ಣು ಕಾಣದ ಇನ್ನೊಂದ ಹುಡುಗಿಗಿ ಕೊಡೋದಿತ್ತು," ಎಂದರು. ಇನ್ನೊಂದು ಮಾಡಲು ತಿಂಗಳು ಬೇಕು ಎಂದು ಹೇಳಿ ಬಸ್ಸು ಹತ್ತಿದರು.

ಆ ತಿಂಗಳು ನಮ್ಮ ಪಾಲಿಗೆ ಇರಲಿಲ್ಲ. ನೀಲಾಳಿಗೆ ಕಾಮಾಲೆಯಾಗಿ ಜ್ವರ ತಲೆಗೇರಿತು. ಹೊದ್ದ ಕೌದಿಯ ಹೊಲಿಗೆಗಳ ಮೇಲೆ ಬೆರಳಾಡಿಸುತ್ತ, ಬಟ್ಟೆ ಉಬ್ಬಿದಲ್ಲಿ ನಿಂತು, "ಇದ ಬೆಟ್ಟ ಹೌದಲ್ಲಣ್ಣಾ?" ಎಂದಳು.

"ಹೌದವ್ವ, ಅದ."

"ಹಣಿ ಎಲ್ಲದ?"

"ಇನ್ನೊಂಚೂರು ಮುಂದ."

ಬೆರಳು ಮುಂದೆ ಹೋಯಿತು. ಹುಡುಕಿತು. ನಾನು ಸುಳ್ಳು ಹೇಳಿದ್ದೆ. ಮುಂದೆ ಏನೂ ಇರಲಿಲ್ಲ.

ಟೀಚರಮ್ಮ ಹೊಸ ಪುಸ್ತಕ ತಂದ ಗುರುವಾರ ನೀಲಾ ಕೂರುತ್ತಿದ್ದ ಹೊಸ್ತಿಲು ಬರಿದಾಗಿತ್ತು. ಅವ್ವ ಪುಸ್ತಕವನ್ನು ಎದೆಗೊತ್ತಿಕೊಂಡು, ಹತ್ತಿಕುಣಿಗೆ ಒಯ್ಯಿರೆಂದು ತಿರುಗಿಸಿ ಕೊಟ್ಟಳು. ನಾನು ಮುಟ್ಟಲೂ ಇಲ್ಲ.

ಯಾರ ಮನೆಯಲ್ಲಾದರೂ ಇಂಥ ಪುಸ್ತಕವಿದ್ದರೆ ರದ್ದಿಯವನ ಮಾತು ಕೇಳಿ: ನಿಲ್ಲಿಸಿ ಇಡಿ, ಮೇಲೆ ಏನನ್ನೂ ಹೇರಬೇಡಿ. ಸುರುಳಿಯಾದರೆ ಆಗಲಿ ಬಿಡಿ. ಹತ್ತಿಕುಣಿಯ ಆ ಹುಡುಗಿ ಈಗ ಎಲ್ಲಿದ್ದಾಳೋ. ಮದುವೆಯಾಗಿ ಹೋದಳೆಂದಷ್ಟೇ ಆ ಊರವರು ಹೇಳಿದರು. ಅವಳ ಪುಸ್ತಕ ಯಾವಾಗಲಾದರೂ ಹಳೆಯ ಕಾಗದದ ಜೊತೆ ನನ್ನ ತಕ್ಕಡಿಗೆ ಬಂದೀತು. ಆ ದಿನ ನಾನು ಚೌಕಾಸಿ ಮಾಡುವುದಿಲ್ಲ. ಬೆಟ್ಟದ ಹಣೆ ಎಲ್ಲಿದೆಯೆಂದು ಸವರಿ ನೋಡಬೇಕು.