ಹೊಸ ಡಬ್ಬಿಯ ಸೀಟಿನಡಿ ಸುಣ್ಣ

ಗೆಳೆಯರೇ, ಗಾಲಿಯ ಸದ್ದು ಕೇಳಿಯೇ ರೈಲಿನ ವಯಸ್ಸು ಹೇಳುವ ಗಂಡಸು ರಾಯಬಾಗ ತಾಲೂಕಿನಲ್ಲಿ ನಾನೊಬ್ಬನೇ. ಎಂಜಿನ್ ತರಿಸುವ ಮೊದಲು ರೈಲ್ವೆಯ ದೊಡ್ಡ ಸಾಹೇಬರು ನನ್ನನ್ನೇ ಕೇಳುತ್ತಾರೆ.

ಇಂದು ಬೆಳಿಗ್ಗೆ ಹೆಂಡತಿಗೆ ಚಪ್ಪಲಿ ತರಲು ಮಿರಜಿಗೆ ಹೊರಟೆ. ಜೊತೆಗೆ ಅಳಿಯ ಮಲ್ಲಪ್ಪ. ನಮ್ಮ ಲೈನು ಬ್ರಾಡ್‌ಗೇಜ್ ಆಗಿ ಹೊಸ ಆಡಳಿತದ ಕೈಗೆ ಬಂದಮೇಲೆ ಇದೇ ಮೊದಲ ಇಂಟರ್‌ಸಿಟಿ. ಡಬ್ಬಿಯಲ್ಲಿ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ.

"ಮಾಮಾ, ಇದು ಹಳೇ ಡಬ್ಬಿ ಐತ್ರಿ. ಬಣ್ಣಾ ಅಷ್ಟ ಹೊಸಾದು," ಎಂದ ಮಲ್ಲಪ್ಪ.

"ಲೇ, ನಿನ್ನೆ ಕಾರಖಾನಿಯಿಂದ ಇಳದೈತಿ. ಕಟ್ಟು ಪೈಜು! ನಿಮ್ಮತ್ತಿ ಚಪ್ಪಲಿ ರೊಕ್ಕಾ ಪೂರಾ ಹಚ್ಚತೀನಿ!"

ಡಬ್ಬಿಯವರೆಲ್ಲ ನಮ್ಮತ್ತ ತಿರುಗಿದರು. ಅವನು "ಆತ್ರಿ" ಎಂದು ಪೈಜಿಗೆ ಒಪ್ಪಿ ತಂಬಾಕಿನ ಚಂಚಿ ನನ್ನ ಕೈಗಿತ್ತ. ನಾನು ಸುಣ್ಣ ಹಚ್ಚಿ ತಿಕ್ಕಿ ಬಾಯಿಗೆ ಹಾಕಿಕೊಂಡು, ಬೆರಳಲ್ಲಿ ಉಳಿದ ಸುಣ್ಣವನ್ನು ರೂಢಿಯಂತೆ ಸೀಟಿನಡಿ ಒರೆಸಲು ಹೋದೆ. ಬೆರಳು ಅಲ್ಲೇ ನಿಂತಿತು. ನನ್ನಂಥವರು ವರ್ಷಾನುಗಟ್ಟಲೆ ಒರೆಸಿದ ಸುಣ್ಣ ಗೋಡೆಯಂತೆ ಗಟ್ಟಿಯಾಗಿ ಕೂತಿತ್ತು.

"ಯಾಕ್ರಿ ಮಾಮಾ, ತಂಬಾಕ ಭಾಳ ಖಾರ ಐತೇನ್ರಿ?"

ಎದುರು ಕೂತ ಅಜ್ಜಿ ಬಗ್ಗಿ ನೋಡಿದಳು. "ಯಪ್ಪಾ, ನಿನ್ನೆ ಹುಟ್ಟಿದ ಕೂಸಿಗೆ ಇಷ್ಟ ಹಲ್ಲ ಬಂದಾವಲ್ಲೋ!"

ಉಗಾರ ಸ್ಟೇಷನ್ ಬರುವಷ್ಟರಲ್ಲಿ ಅಳಿಯ ಪೈಜಿನ ರೊಕ್ಕಕ್ಕೆ ಕೈ ಚಾಚಿದ. ತಂಬಾಕಾದರೂ ಪುಕ್ಕಟೆ ಸಿಕ್ಕಿತಲ್ಲ ಎಂದು ಸಮಾಧಾನ ಮಾಡಿಕೊಂಡೆ. ಚಪ್ಪಲಿ ಅಂಗಡಿ ಮುಚ್ಚಿತ್ತು ಎಂದು ಮನೆಯಲ್ಲಿ ಹೇಳಿದ್ದೇನೆ. ಊರಿನವರಿಗೆ ಐದು ರೂಪಾಯಿ ಸೋತೆ ಎಂದಿದ್ದೇನೆ. ನಿಮ್ಮ ಮುಂದೆ ಮುಚ್ಚುಮರೆ ಏಕೆ, ಐವತ್ತೊಂದು.