ಕಸ ಕಾಯುವ ತಾಯವ್ವ

ಬೆಳಗಿನ ಆರು ಗಂಟೆ. ಕುಬಿಹಾಳದ ಹೊರಗಿನ ಜೋಳದ ಪ್ರಯೋಗದ ಹೊಲದಲ್ಲಿ ತಾಯವ್ವ ಮೊಣಕಾಲೂರಿ ಬಿಳಿ ಹೂವಿನ ಕಸ ಎಣಿಸುತ್ತಿದ್ದಾರೆ. ಕೀಳುತ್ತಿಲ್ಲ, ಎಣಿಸುತ್ತಿದ್ದಾರೆ. ಬದುವಿಗೆ ಹತ್ತಿದ ಇಪ್ಪತ್ತೇಳನೇ ತಳಿಯ ಸಾಲಿಗೆ ಬಂದವರೇ ತಲೆಯ ಮೇಲೆ ಕೈಹೊತ್ತು ಕೂತುಬಿಡುತ್ತಾರೆ. ಅಲ್ಲಿ ಒಂದೂ ಕಸವಿಲ್ಲ, ನೆಲ ಕೆದರಿದೆ.

"ಯಾರ್ ಕಿತ್ತಿದ್ದು ಇದನ್ನ?"

ಬಾಜೂ ಹೊಲದ ಗೌರಕ್ಕ ಬದುವಿನಾಚೆಯಿಂದ ನಗುತ್ತಾರೆ. "ನಾನ ಬೇ, ನಿನ್ನಿ ಸಂಜಿಮುಂದ. ಪಾಪ, ಒಬ್ಬಾಕಿನ ದುಡೀತಿ ಅಂತ."

ಸಿಟ್ಟು ಬಾರದೆ ಇದ್ದೀತೇ? ಈ ಕಸ ಜೋಳದ ಬೇರನ್ನೇ ಕಚ್ಚಿ ರಸ ಹೀರುತ್ತದೆ. ಮಣ್ಣಿನ ಮೇಲೆ ತಲೆ ಎತ್ತುವ ಹೊತ್ತಿಗೆ ಬೆಳೆ ಸೊರಗಿರುತ್ತದೆ. ಅದಕ್ಕೆ ಬಗ್ಗದ ಜೋಳ ಯಾವುದೆಂದು ತಿಳಿಯಲು ಕಸವನ್ನೂ ಬಿತ್ತಲೇಬೇಕು. ಹನ್ನೊಂದು ವರ್ಷದಿಂದ ಅದರ ಬೀಜವನ್ನು ಉಸುಕಿನಲ್ಲಿ ಕಲಸಿ ಬಿತ್ತುವವರು, ಅರವತ್ತು ತಳಿಗಳ ಸಾಲನ್ನು ವಾರವಾರ ಎಣಿಸುವವರು ಈ ತಾಯವ್ವ. ಹೊಸ ತಳಿ ಬಂದಾಗ ಫೋಟೊಕ್ಕೆ ನಿಲ್ಲುವವರು ಬೇರೆ. ಊರವರ ಬಾಯಲ್ಲಿ ಈಕೆ 'ಕಸ ಬೆಳಿಯಾಕಿ', ಅಷ್ಟೇ.

ಹೊಲ ನೋಡಲು ಬಂದ ನನ್ನತ್ತ ತಾಯವ್ವ ತಿರುಗುತ್ತಾರೆ. "ಬೋರ್ಡ್ ಹಾಕೇವ್ರಿ, ಬೇಲಿ ಹಾಕೇವ್ರಿ. ಹೊಲದಾಗ ಕಸ ಕಂಡ್ರ ನಮ್ಮ ಮಂದಿ ಕೈ ಸುಮ್ಮನಿರೂದಿಲ್ರಿ. ಹೋದ ವರ್ಷ ಒಬ್ರು ಪೂಜಾಕ್ಕ ಹೂವು ಅಂತ ಹರಕೊಂಡು ಹೋದ್ರು!"

ಎಂಟು ಗಂಟೆಗೆ ಸಂಶೋಧಕಿ ನಾಜಮೀನ್ ಬರುತ್ತಾರೆ. ಇಪ್ಪತ್ತೇಳನೇ ತಳಿಗೆ ಇದು ಕಡೆಯ ಪರೀಕ್ಷೆ. ಕಸ ಕಡಿಮೆ ಬಿದ್ದರೆ ಮುಂದಿನ ಮುಂಗಾರಿಗೆ ಅದು ರೈತರ ಹೊಲ ಸೇರುತ್ತದೆ. ಬರಿದಾದ ಸಾಲು ಕಂಡು ಅವರು "ಸೊನ್ನೆನಾ?" ಎಂದು ಹಿಗ್ಗುತ್ತಾರೆ. ತಾಯವ್ವ ಬಾಯಿ ಮುಚ್ಚಿಕೊಂಡಿದ್ದರೆ, ತಾವೇ ಕಾಳು ಆರಿಸಿ ಬೆಳೆಸಿದ ತಳಿ ಅಲ್ಲಿಯೇ ಪಾಸಾಗುತ್ತಿತ್ತು.

"ಸೊನ್ನಿ ಅಲ್ರಿ ಮೇಡಮ್ಮಾರ. ಕಸ ಕಿತ್ತಾರ ಅಂತ ಬರೀರಿ."

"ಮತ್ತೊಂದು ವರ್ಷ ಹೋಗ್ತದಲ್ಲ, ತಾಯವ್ವಾ!"

"ಹೋಗ್ಲಿರಿ."

ನಾಜಮೀನ್ ಜೋಲುಮೋರೆ ಹಾಕಿಕೊಂಡು ಬರೆಯುತ್ತಾರೆ. ನನಗೇ ತಡೆಯಲಾಗುವುದಿಲ್ಲ. ಇಷ್ಟು ವರ್ಷ ಕಾದು, ಕೈಗೆ ಬಂದದ್ದನ್ನು ಹೀಗೆ ಬಿಡುವುದೇ ಎಂದು ಕೇಳುತ್ತೇನೆ. ಕಸದ ಬೀಜ ಹೊರಗೆ ಹೋಗಬಾರದೆಂದು ಕಾಲು ತಿಕ್ಕಿ ತೊಳೆಯುತ್ತಿದ್ದ ತಾಯವ್ವ, ಗೌರಕ್ಕನ ಹೊಲದತ್ತ ಕೈ ಮಾಡುತ್ತಾರೆ.

"ಸುಳ್ಳು ಸೊನ್ನಿ ಬರಿಸಿದ್ರ, ಆ ಬೀಜ ಮೊದ್ಲ ಬಿತ್ತಾಕಿ ಆಕೀನ ಅಲ್ರಿ? ಹೊಲದ ತುಂಬ ಕಸ ಎದ್ದ ಮ್ಯಾಲ ಆಕಿ ಮಾರಿ ಹೆಂಗ ನೋಡ್ಲಿ?"